ಮೂತ್ರದ ಪಟ್ಟಿ ನೋಡಿ ಸುಮ್ನೆ ಕೂರಬಹುದಾ?

ಪ್ರಶ್ನೆ: ನನಗೆ 46 ವರ್ಷ. ಅಮ್ಮನಿಗೆ ಶುಗರ್ ಇತ್ತು. ಸೂಜಿ ಅಂದ್ರೆ ನನಗೆ ಮೊದಲಿಂದಲೂ ಹೆದರಿಕೆ. ಅದಕ್ಕೇ ಮೂತ್ರ ಪರೀಕ್ಷೆಯ ಪಟ್ಟಿ ತಂದಿಟ್ಟುಕೊಂಡು ತಿಂಗಳಿಗೊಮ್ಮೆ ಬೆಳಗ್ಗೆ ಎದ್ದ ತಕ್ಷಣ ಮನೆಯಲ್ಲೇ ನೋಡಿಕೊಳ್ಳುತ್ತೇನೆ. ಒಂದು ಸಲವೂ ಬಣ್ಣ ಬದಲಾಗಿಲ್ಲ. ಇಷ್ಟು ಸಾಕಲ್ವಾ?

ಉತ್ತರ: ಸಾಕಾಗಲ್ಲ. ಸೂಜಿಗೆ ಹೆದರುವವರನ್ನು ದಿನಾ ನೋಡುತ್ತೇನೆ, ನಗುವುದಿಲ್ಲ. ಆದರೆ ಈ ಪಟ್ಟಿ ನಿಮಗೆ ಹೇಳುತ್ತಿರುವುದು ತುಂಬಾ ಕಡಿಮೆ.

ಕಿಡ್ನಿ ರಕ್ತವನ್ನು ಸೋಸುವಾಗ ಸಕ್ಕರೆಯೂ ಜೊತೆಗೆ ಇಳಿದುಬರುತ್ತದೆ. ಅದನ್ನು ಕಿಡ್ನಿ ಹೆಚ್ಚುಕಡಿಮೆ ಪೂರ್ತಿ ವಾಪಸ್ ಎಳೆದುಕೊಳ್ಳುತ್ತದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಅದಕ್ಕೆ ಕೈಲಾಗುವುದಿಲ್ಲ, ಮಿಕ್ಕಿದ್ದು ಮೂತ್ರಕ್ಕೆ ಬೀಳುತ್ತದೆ, ಕೆರೆ ತುಂಬಿ ಕೋಡಿ ಬಿದ್ದ ಹಾಗೆ. ಕೋಡಿ ಬಿದ್ದಿಲ್ಲ ಅಂದ್ರೆ ಕೆರೆ ತುಂಬಿಲ್ಲ ಅಂತಷ್ಟೇ. ನೀರು ಎಷ್ಟು ಏರಿದೆ ಅಂತ ಗೊತ್ತಾಗಲ್ಲ. ಈಗ ಲೆಕ್ಕ ಹಾಕಿ: ಖಾಲಿ ಹೊಟ್ಟೆಯಲ್ಲಿ 126 ಅಥವಾ ಜಾಸ್ತಿ ಬಂದು, ಇನ್ನೊಂದು ಸಲವೂ ಹಾಗೇ ಬಂದರೆ ಅದು ಡಯಾಬಿಟಿಸ್. 140 ಇರುವವರ ಬೆಳಗಿನ ಮೂತ್ರ ಪಟ್ಟಿಯ ಬಣ್ಣ ಬದಲಿಸದೇ ಹೋಗಬಹುದು. ವಯಸ್ಸಾದಂತೆ ಕೆಲವರಲ್ಲಿ ಕೋಡಿಯೇ ಇನ್ನೂ ಮೇಲಕ್ಕೆ ಹೋಗಿರುತ್ತದೆ, ಆಗ 200 ಇದ್ದರೂ ಮೂತ್ರ ಕ್ಲೀನ್! ಇನ್ನೊಂದು ತೊಂದರೆ, ಬೆಳಗ್ಗೆ ಬರುವುದು ರಾತ್ರಿಯೆಲ್ಲ ಸೇರಿಕೊಂಡ ಮೂತ್ರ, ಆ ಕ್ಷಣದ ರಕ್ತದ ಸುದ್ದಿ ಅದರಲ್ಲಿಲ್ಲ.

ಪಟ್ಟಿಯನ್ನೂ ಸ್ವಲ್ಪ ನೋಡಿ. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಬಚ್ಚಲಲ್ಲೇ ಇಟ್ಟಿದ್ದೀರಾ? ತೇವ ತಾಗಿದರೆ ತುದಿಯ ಆ ಪುಟ್ಟ ಚೌಕ ಕೆಟ್ಟುಹೋಗುತ್ತದೆ. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗುವವರಲ್ಲಿ ಸಕ್ಕರೆ ಇದ್ದರೂ ಇಲ್ಲ ಅಂತ ತೋರಿಸಬಹುದು. ಹಿಂದೆ ಪಟ್ಟಿ ಇಲ್ಲದ ಕಾಲದಲ್ಲಿ ನೀಲಿ ಬೆನೆಡಿಕ್ಟ್ ದ್ರಾವಣ 5 ಮಿಲಿಲೀಟರಿಗೆ ಎಂಟು ಹನಿ ಮೂತ್ರ ಹಾಕಿ ಕುದಿಸುತ್ತಿದ್ದರು. ಸಕ್ಕರೆ ಹೆಚ್ಚಿದಷ್ಟೂ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ನೋಡಲು ಚೆನ್ನಾಗಿರುತ್ತಿತ್ತು, ಆದರೆ ಶುರುವಿನ ಶುಗರ್ ಅದಕ್ಕೂ ಸಿಗುತ್ತಿರಲಿಲ್ಲ.

ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿ. ಉಪವಾಸ ಬೇಡ, ಒಂದೇ ಚುಚ್ಚು, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಸಿಗುತ್ತದೆ. ಶೇಕಡಾ 5.7ರ ಒಳಗಿದ್ದರೆ ಸರಿ, 6.5 ಮುಟ್ಟಿದರೆ ಡಾಕ್ಟರ ಹತ್ತಿರ ಹೋಗಿ. ಚುಚ್ಚುವಾಗ ಮುಖ ಆ ಕಡೆ ತಿರುಗಿಸಿಕೊಳ್ಳಿ, ಹೆದರಿಕೆ ಇದೆ ಅಂತ ಮೊದಲೇ ಹೇಳಿದರೆ ಮಲಗಿಸಿ ತೆಗೆಯುತ್ತಾರೆ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಮೂತ್ರದಲ್ಲಿ ಸಕ್ಕರೆ ಒಂದು ಪ್ಲಸ್ ಅಂತ ಬಂದಿದೆ. ನನಗೆ ಶುಗರ್ ಬಂದುಬಿಟ್ಟಿತಾ?

ಉತ್ತರ: ಹಾಗಂತ ಈಗಲೇ ಹೇಳಲಾಗದು. ಇಲ್ಲಿ ಕಥೆ ಉಲ್ಟಾ. ಗರ್ಭಿಣಿಯರಲ್ಲಿ ಕೋಡಿಯೇ ಕೆಳಗಿಳಿದಿರುತ್ತದೆ, ರಕ್ತದ ಸಕ್ಕರೆ ಸರಿ ಇದ್ದರೂ ಸ್ವಲ್ಪ ಸೋರುವುದುಂಟು. ಹಾಗಂತ ತಳ್ಳಿಹಾಕಲೂ ಬೇಡಿ. ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡುವ ಪರೀಕ್ಷೆಯನ್ನು ಸಾಮಾನ್ಯವಾಗಿ 24ರಿಂದ 28 ವಾರದೊಳಗೆ ಮಾಡುತ್ತಾರೆ. ನಿಮಗೆ ಪ್ಲಸ್ ಬಂದಿರುವುದರಿಂದ ಅಲ್ಲಿಯವರೆಗೆ ಕಾಯದೆ ಈ ವಾರವೇ ನಿಮ್ಮ ಡಾಕ್ಟರನ್ನು ಕೇಳಿ. ರಿಪೋರ್ಟ್ ಬರುವ ಮೊದಲೇ ಹೆದರಿ ಊಟ ಕಡಿಮೆ ಮಾಡಬೇಡಿ.