ಹಾಳೂರಿನ ಗೌಡಿಕೆ ಅಲ್ಲ ಅದು

ನಮಸ್ಕಾರ.

ನಿಮ್ಮ ಪತ್ರ ಬಂದು ಹತ್ತು ದಿನ ಆಯಿತು. ನಾಲ್ಕು ಪುಟದ ಪತ್ರಕ್ಕೆ ಎರಡು ಸಾಲು ಬರೆದು ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೇ ತಡವಾಯಿತು.

ಉಳಿದ ಓದುಗರಿಗೂ ಗೊತ್ತಾಗಲಿ ಎಂದು ನಿಮ್ಮ ತಕರಾರನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹಿಂದಿನ ಸಂಚಿಕೆಯಲ್ಲಿ ನಾವು ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಚಾಲೆಂಜ್ ಕಪ್ ಬಗ್ಗೆ ಬರೆದಿದ್ದೆವು. ಏಷ್ಯಾದ ಬೆಳೆಯುತ್ತಿರುವ ಫುಟ್‌ಬಾಲ್ ತಂಡಗಳಿಗೆಂದೇ 2006ರಿಂದ 2014ರವರೆಗೆ ಐದು ಸಲ ನಡೆದ ಟೂರ್ನಿ ಅದು. 2008ರಲ್ಲಿ ಭಾರತ ಆ ಕಪ್ ಗೆದ್ದಿದ್ದನ್ನು ‘ದೊಡ್ಡ ಗೆಲುವು’ ಎಂದು ಕರೆದಿದ್ದೆವು. ನಿಮಗೆ ಅದು ಹಿಡಿಸಲಿಲ್ಲ. ಜಪಾನ್ ಇಲ್ಲ, ಇರಾನ್ ಇಲ್ಲ, ದಕ್ಷಿಣ ಕೊರಿಯಾ ಇಲ್ಲ, ಸೌದಿ ಇಲ್ಲ. ‘ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಗೆದ್ದರೆ ಅದಕ್ಕೇನು ಸಂಭ್ರಮ’ ಎಂದು ಕೇಳಿದ್ದೀರಿ. ಆ ಟೂರ್ನಿ ನಿಂತಿದ್ದೇ ಒಳ್ಳೆಯದಾಯಿತು, ಸೋತರೂ ಪರವಾಗಿಲ್ಲ ದೊಡ್ಡವರ ಜೊತೆ ಆಡಿಯೇ ಕಲಿಯಬೇಕು ಎಂದೂ ಬರೆದಿದ್ದೀರಿ.

ಈ ಕಡೇ ಮಾತಿನಿಂದಲೇ ಶುರು ಮಾಡುತ್ತೇನೆ. ತುಂಬಾ ಜನ ಹೇಳುವ ಮಾತು ಇದು. ನಾನೂ ಒಂದು ಕಾಲಕ್ಕೆ ಹೀಗೇ ಅಂದುಕೊಂಡಿದ್ದೆ.

2015ರಲ್ಲಿ ಭೂತಾನ್ ಮೊದಲ ಸಲ ವಿಶ್ವಕಪ್ ಅರ್ಹತಾ ಪಂದ್ಯ ಆಡಿತು. ಆಗ ಫಿಫಾ ಪಟ್ಟಿಯಲ್ಲಿ ಅದರದ್ದು ಕಡೆಯ ಸ್ಥಾನ, 209. ಮಾರ್ಚ್‌ನಲ್ಲಿ ಕೊಲಂಬೊಗೆ ಹೋಗಿ ಶ್ರೀಲಂಕಾವನ್ನು 1-0ಯಿಂದ ಸೋಲಿಸಿತು. ಕೆಲವೇ ದಿನಕ್ಕೆ ಥಿಂಪುವಿನಲ್ಲಿ 2-1ರಿಂದ ಮತ್ತೆ ಗೆದ್ದಿತು. ಆ ಎರಡೂ ಗೋಲು ಚೆಂಚೊ ಗ್ಯೆಲ್ಟ್‌ಶೆನ್ ಹೊಡೆದದ್ದು. ಮುಂದಿನ ಸುತ್ತಿಗೆ ಹೋದ ಮೇಲೆ ಅದೇ ವರ್ಷ ಕತಾರ್ ಕೈಲಿ 15-0 ಅಂತರದಲ್ಲಿ ಸೋತಿತು. ಈಗ ಹೇಳಿ, ಆ ಹುಡುಗರು ಯಾವ ಪಂದ್ಯದಿಂದ ಜಾಸ್ತಿ ಕಲಿತಿರಬಹುದು? ಹದಿನೈದು ಗೋಲು ಬಿದ್ದ ದಿನ ಫಾರ್ವರ್ಡ್ ಆಟಗಾರನ ಕಾಲಿಗೆ ಚೆಂಡು ಸಿಗುವುದೇ ಅಪರೂಪ. ಹನ್ನೊಂದೂ ಜನ ತಮ್ಮ ಪೆನಾಲ್ಟಿ ಬಾಕ್ಸ್ ಸುತ್ತ ನಿಂತು ಚೆಂಡನ್ನು ದೂರ ಒದೆಯುತ್ತಿರುತ್ತಾರೆ. ಒದೆಯುವುದೊಂದೇ ಕೆಲಸ.

ಒಂದು ಗೋಲಿನಿಂದ ಮುಂದಿದ್ದೀರಿ, ಇನ್ನೂ ಹತ್ತು ನಿಮಿಷ ಇದೆ ಎಂದುಕೊಳ್ಳಿ. ಆಗ ಏನು ಮಾಡಬೇಕು? ಚೆಂಡನ್ನು ಮೂಲೆಯಲ್ಲಿ ಹಿಡಿದಿಡಬೇಕಾ? ಇನ್ನೊಂದು ಗೋಲಿಗೆ ನುಗ್ಗಬೇಕಾ? ಸುಸ್ತಾದ ಮಿಡ್‌ಫೀಲ್ಡರನ್ನು ಯಾವಾಗ ಹೊರಗೆ ಕರೆಯಬೇಕು? ಇದನ್ನೆಲ್ಲ ಮುಂದಿರುವ ಪಂದ್ಯದಲ್ಲೇ ಕಲಿಯಬೇಕು. ಯಾವತ್ತೂ ಮುಂದಿರದ ತಂಡಕ್ಕೆ ಈ ಪಾಠ ಕಡೆಯವರೆಗೂ ಸಿಗುವುದಿಲ್ಲ. ಚಾಲೆಂಜ್ ಕಪ್ ಕೊಟ್ಟಿದ್ದು ಇದನ್ನೇ. ಗೆಲ್ಲಲೂಬಹುದು, ಸೋಲಲೂಬಹುದು ಅನ್ನುವಂಥ ಪಂದ್ಯಗಳು.

2008ರ ನಮ್ಮ ತಂಡವನ್ನೇ ನೋಡಿ. ಅಫ್ಘಾನಿಸ್ತಾನದ ವಿರುದ್ಧ ಮೊದಲ ಪಂದ್ಯ. ಆಟ ಮುಗಿಯುವ ಹೊತ್ತಾದರೂ ಗೋಲಿಲ್ಲ. ಕಡೇ ಗಳಿಗೆಯಲ್ಲಿ ಕ್ಲೈಮ್ಯಾಕ್ಸ್ ಲಾರೆನ್ಸ್ ಹೊಡೆದ ಗೋಲಿನಿಂದ ಬಚಾವಾದೆವು. ತಜಿಕಿಸ್ತಾನದ ಜೊತೆ 1-1 ಡ್ರಾ. ತುರ್ಕಮೆನಿಸ್ತಾನದ ಮೇಲೆ 2-1. ಸೆಮಿಫೈನಲ್‌ನಲ್ಲಿ ಮ್ಯಾನ್ಮಾರ್ ಮೇಲೆ 1-0. ಒಂದು ಪಂದ್ಯವೂ ಸುಲಭಕ್ಕೆ ಸಿಗಲಿಲ್ಲ. ಹಾಳೂರಿನಲ್ಲಿ ಗೌಡನಿಗೆ ಎದುರಾಳಿಯೇ ಇರುವುದಿಲ್ಲ, ಅಲ್ವಾ? ಇಲ್ಲಿ ಎಲ್ಲರೂ ಎದುರಾಳಿಗಳೇ.

ಫೈನಲ್ ನಡೆದದ್ದು ಆಗಸ್ಟ್ 13ರಂದು, ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ. ಅದಕ್ಕೆ ಎರಡು ದಿನ ಮೊದಲು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದರು. ನಾನಾಗ ಒಂದು ಪತ್ರಿಕೆಯ ಕ್ರೀಡಾ ಡೆಸ್ಕ್‌ನಲ್ಲಿದ್ದೆ. ಪುಟದ ತುಂಬ ಒಲಿಂಪಿಕ್ಸ್. ಫುಟ್‌ಬಾಲ್‌ಗೆ ಸಿಕ್ಕಿದ್ದು ಕೆಳಗಡೆ ಸಿಂಗಲ್ ಕಾಲಂ. ಏಜೆನ್ಸಿ ಕಾಪಿ ಬಂದಾಗ ಪಕ್ಕದ ಟೇಬಲ್ಲಿನ ಗೆಳೆಯ ಎದ್ದು ಬಂದು ನನ್ನ ಸ್ಕ್ರೀನ್ ಮುಂದೆ ಬಗ್ಗಿದ. ತಜಿಕಿಸ್ತಾನದ ಮೇಲೆ 4-1. ಸುನಿಲ್ ಚೆಟ್ರಿ ಮೂರು, ಬೈಚುಂಗ್ ಭುಟಿಯಾ ಒಂದು. ‘ಒಬ್ಬನೇ ಮೂರಾ?’ ಅಂದ. ಇನ್ನೊಂದು ಸಲ ಓದಿದ. ಆಮೇಲೆ ‘ಏಷ್ಯನ್ ಕಪ್‌ಗೆ ಹೋಗ್ತೀವಿ ಮಾರಾಯ’ ಅಂದ. ಆ ಸಾಲನ್ನು ಮೊದಲ ಪ್ಯಾರಾಗೆ ತರಲು ಜಾಗವೇ ಇರಲಿಲ್ಲ. ಎರಡನೆಯದರಲ್ಲಿ ತುರುಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ಪ್ಯಾರಾ ಕತ್ತರಿಸಿ ಹೋಗಿತ್ತು. ಇಷ್ಟು ವರ್ಷವಾದರೂ ಅದು ನನಗೆ ಚುಚ್ಚುತ್ತದೆ. ಹಿಂದಿನ ಸಂಚಿಕೆಯಲ್ಲಿ ಅಷ್ಟುದ್ದ ಬರೆದಿದ್ದಕ್ಕೆ ಅದೂ ಒಂದು ಕಾರಣ.

ಯಾಕೆಂದರೆ ಆ ಗೆಲುವಿನ ಬೆಲೆ ಇದ್ದದ್ದು ಆ ಒಂದು ಸಾಲಿನಲ್ಲಿ. ಏಷ್ಯಾದ ದೊಡ್ಡ ತಂಡಗಳೆಲ್ಲ ಸೆಣಸುವ ಏಷ್ಯನ್ ಕಪ್ ಅನ್ನು ಭಾರತ ಆಡಿ ಎಷ್ಟೋ ಕಾಲವಾಗಿತ್ತು. ಹಿಂದಿನ ಸಲ ಆಡಿದ್ದು 1984ರಲ್ಲಿ. ಚಾಲೆಂಜ್ ಕಪ್ ಗೆದ್ದವರಿಗೆ ನೇರ ಪ್ರವೇಶ ಎಂಬ ನಿಯಮ ಇದ್ದುದರಿಂದ 2011ರಲ್ಲಿ ದೋಹಾದಲ್ಲಿ ಮತ್ತೆ ಆಡಿದೆವು. ಹೌದು, ಮೂರೂ ಪಂದ್ಯ ಸೋತೆವು. ಆಸ್ಟ್ರೇಲಿಯಾ 4-0, ಬಹರೇನ್ 5-2, ದಕ್ಷಿಣ ಕೊರಿಯಾ 4-1. ಆದರೂ ಮೂರು ಗೋಲು ಹೊಡೆದೆವು. ಗೋಲ್‌ಕೀಪರ್ ಸುಬ್ರತಾ ಪಾಲ್ ಆಟ ನೋಡಿ ಜನ ಅವರನ್ನು ಸ್ಪೈಡರ್‌ಮ್ಯಾನ್ ಅಂತ ಕರೆದರು. ಮೊದಲು ತನ್ನ ಸರೀಕರ ಜೊತೆ ಸೆಣಸಿ ಗೆದ್ದು, ಆ ಗೆಲುವಿನ ಬಲದ ಮೇಲೆ ದೊಡ್ಡವರ ಅಂಗಳಕ್ಕೆ ಹೋದ ತಂಡ ಅದು. ನೀವು ಕೇಳುತ್ತಿರುವ ‘ದೊಡ್ಡವರ ಜೊತೆ ಆಟ’ಕ್ಕೆ ದಾರಿ ಮಾಡಿದ್ದೂ ಈ ಟೂರ್ನಿಯೇ.

ನಿಮ್ಮ ಪತ್ರದಲ್ಲಿ ನಾನು ಪೂರ್ತಿ ಒಪ್ಪುವ ಮಾತೂ ಒಂದಿದೆ. ‘ಬೆಳೆಯುತ್ತಿರುವ ತಂಡ ಅಂದರೆ ಯಾರು, ಅದನ್ನು ತೀರ್ಮಾನಿಸುವವರು ಯಾರು’ ಎಂದು ಕೇಳಿದ್ದೀರಿ. 2010ರಲ್ಲಿ ಕೊಲಂಬೊದಲ್ಲಿ ಕಪ್ ಗೆದ್ದದ್ದು ಉತ್ತರ ಕೊರಿಯಾ. ಅದೇ ವರ್ಷ ಅದೇ ದೇಶ ದಕ್ಷಿಣ ಆಫ್ರಿಕಾದಲ್ಲಿ ವಿಶ್ವಕಪ್ ಆಡಿತು! ಬ್ರೆಜಿಲ್ ಎದುರು 2-1ರವರೆಗೆ ಹೋರಾಡಿದ ದೇಶಕ್ಕೆ ಈ ಟೂರ್ನಿಯಲ್ಲಿ ಏನು ಕೆಲಸ? 2012ರಲ್ಲಿ ಕಠ್ಮಂಡುವಿನಲ್ಲಿ ಮತ್ತೆ ಅವರೇ ಗೆದ್ದರು. ಎರಡೂ ಸಲ ಫೈನಲ್‌ನಲ್ಲಿ ಸೋತದ್ದು ತುರ್ಕಮೆನಿಸ್ತಾನ. 2010ರಲ್ಲಂತೂ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಆ ಹುಡುಗರ ಜಾಗದಲ್ಲಿ ನಿಂತು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ವರ್ಗ ಮಾಡಿದವರು ಇನ್ನೂ ಕಟ್ಟುನಿಟ್ಟಾಗಿ ಮಾಡಬೇಕಿತ್ತು.

ಅಂಥ ತಪ್ಪು ಇದ್ದೂ ಆ ಟೂರ್ನಿಯಿಂದ ಏನಾಯಿತು ಎನ್ನುವುದಕ್ಕೆ ಪ್ಯಾಲೆಸ್ಟೀನ್ ಕಥೆ ಸಾಕು. ಗಾಜಾದ ಆಟಗಾರರು, ವೆಸ್ಟ್ ಬ್ಯಾಂಕ್‌ನ ಆಟಗಾರರು ಒಂದೇ ಕಡೆ ಸೇರಿ ಅಭ್ಯಾಸ ಮಾಡಲೂ ಇಸ್ರೇಲ್‌ನ ಪರವಾನಗಿ ಬೇಕಾದ ತಂಡ ಅದು. 2014ರ ಮೇ 30, ಮಾಲ್ಡೀವ್ಸ್‌ನ ಮಾಲೆ. ಫೈನಲ್‌ನಲ್ಲಿ ಎದುರಿಗೆ ಫಿಲಿಪ್ಪೀನ್ಸ್. 59ನೇ ನಿಮಿಷದಲ್ಲಿ ಅಶ್ರಫ್ ನುಮಾನ್ ಒಂದು ಫ್ರೀ ಕಿಕ್ ಹೊಡೆದರು. ಚೆಂಡು ಬಲೆಗೆ. 1-0. ಐದು ಪಂದ್ಯ ಆಡಿ ಒಂದೂ ಗೋಲು ಬಿಟ್ಟುಕೊಡದೆ ಕಪ್ ಎತ್ತಿದರು. ಮೊದಲ ಸಲ ಏಷ್ಯನ್ ಕಪ್‌ಗೆ ಹೋದರು. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಮೂರೂ ಪಂದ್ಯ ಸೋತರು. 2019ರಲ್ಲಿ ಎರಡು ಡ್ರಾ ಮಾಡಿಕೊಂಡರು. 2024ರ ಜನವರಿಯಲ್ಲಿ, ಊರಿನಲ್ಲಿ ಯುದ್ಧ ನಡೆಯುತ್ತಿರುವಾಗ, ಹಾಂಗ್‌ಕಾಂಗ್ ಮೇಲೆ 3-0 ಗೆದ್ದು ನಾಕೌಟ್ ಹಂತಕ್ಕೆ ಬಂದರು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದು ಕಣ್ಣಿಗೆ ಕಾಣುತ್ತದೆ. ಮೊದಲ ಮೆಟ್ಟಿಲು ಮಾಲೆಯಲ್ಲಿತ್ತು.

2006ರಲ್ಲಿ ಢಾಕಾದಲ್ಲಿ ಮೊದಲ ಚಾಲೆಂಜ್ ಕಪ್ ಗೆದ್ದ ತಜಿಕಿಸ್ತಾನವೂ 2024ರ ಏಷ್ಯನ್ ಕಪ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿತು. ಅದು ಅವರ ಮೊದಲ ಏಷ್ಯನ್ ಕಪ್! ನಾವು ದೆಹಲಿಯಲ್ಲಿ 4-1ರಿಂದ ಸೋಲಿಸಿದ್ದ ತಂಡ. ಅದೇ ಟೂರ್ನಿಯಲ್ಲಿ ನಾವು ಮೂರೂ ಪಂದ್ಯ ಸೋತೆವು. ಒಂದೂ ಗೋಲು ಬರಲಿಲ್ಲ.

‘ಈಗ ಏಷ್ಯನ್ ಕಪ್‌ನಲ್ಲೇ 24 ತಂಡ ಇವೆಯಲ್ಲ, ಇನ್ನೊಂದು ಕಪ್ ಯಾಕೆ’ ಎಂದಿದ್ದೀರಿ. ನಿಜ, 2019ರಿಂದ 16 ಇದ್ದದ್ದು 24 ಆಯಿತು. ಚಾಲೆಂಜ್ ಕಪ್ ನಿಂತಿದ್ದೂ ಅದರ ಜೊತೆಗೇ. ನಮಗೆ, ಫಿಲಿಪ್ಪೀನ್ಸ್‌ಗೆ, ಕಿರ್ಗಿಸ್ತಾನಕ್ಕೆ ಅದರಿಂದ ಅನುಕೂಲವಾಯಿತು. ಆದರೆ ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್, ಭೂತಾನ್? ಆಗ ವಿಶ್ವಕಪ್ ಅರ್ಹತೆಯ ಮೊದಲ ಸುತ್ತಿನಲ್ಲಿ ಎರಡು ಪಂದ್ಯ ಸೋತರೆ ಏಷ್ಯನ್ ಕಪ್ ಆಸೆಯೂ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಸೋತವರಿಗೆಂದು ಸಾಲಿಡಾರಿಟಿ ಕಪ್ ಮಾಡಿದರು. 2016ರಲ್ಲಿ ಮಲೇಷ್ಯಾದಲ್ಲಿ ನೇಪಾಳ ಅದನ್ನು ಗೆದ್ದಿತು. 2020ರದ್ದು ಕೋವಿಡ್‌ನಿಂದ ರದ್ದಾಯಿತು. ಗೆದ್ದ ನೇಪಾಳಕ್ಕೂ ಏಷ್ಯನ್ ಕಪ್ ಬಾಗಿಲು ತೆರೆಯಲಿಲ್ಲ. ಅಂಥ ಬಾಗಿಲೇ ಅಲ್ಲಿರಲಿಲ್ಲ.

ಯುರೋಪಿನವರು ಇದನ್ನು ಚೆನ್ನಾಗಿ ಮಾಡಿದ್ದಾರೆ. 2018ರಲ್ಲಿ ಶುರುವಾದ ನೇಷನ್ಸ್ ಲೀಗ್‌ನಲ್ಲಿ ತಂಡಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿದರು. ಕಡೆಯ ಡಿ ವಿಭಾಗಕ್ಕೂ ಯುರೋ ಕಪ್‌ಗೆ ಒಂದು ದಾರಿ ಬಿಟ್ಟರು. ಆ ದಾರಿಯಲ್ಲಿ ಬಂದದ್ದು ಉತ್ತರ ಮೆಸಿಡೋನಿಯಾ. 2020ರ ನವೆಂಬರ್‌ನಲ್ಲಿ ಜಾರ್ಜಿಯಾ ಮೇಲೆ ಗೊರಾನ್ ಪಾಂಡೆವ್ ಹೊಡೆದ ಒಂದೇ ಗೋಲಿನಿಂದ ಯುರೋಗೆ ಅರ್ಹತೆ ಪಡೆಯಿತು. ನಾಲ್ಕು ತಿಂಗಳಿಗೆ ಜರ್ಮನಿಯನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿತು. 2022ರಲ್ಲಿ ಇಟಲಿಯನ್ನು ವಿಶ್ವಕಪ್‌ನಿಂದಲೇ ಹೊರಗಿಟ್ಟಿತು. ಸ್ಯಾನ್ ಮರಿನೊ ತಂಡ 2004ರಲ್ಲಿ ಒಮ್ಮೆ ಗೆದ್ದ ಮೇಲೆ ಇಪ್ಪತ್ತು ವರ್ಷ ಗೆಲುವನ್ನೇ ಕಂಡಿರಲಿಲ್ಲ. 2024ರಲ್ಲಿ ಇದೇ ಡಿ ವಿಭಾಗದಲ್ಲಿ ಲಿಕ್ಟೆನ್‌ಸ್ಟೈನ್ ತಂಡವನ್ನು ಎರಡು ಸಲ ಸೋಲಿಸಿ ಸಿ ವಿಭಾಗಕ್ಕೆ ಏರಿತು. ಅವರನ್ನೂ ಹಾಳೂರಿನ ಗೌಡರು ಅನ್ನಲು ನನಗೆ ಬಾಯಿ ಬರುವುದಿಲ್ಲ.

‘ದೊಡ್ಡ ಗೆಲುವು’ ಎಂಬ ಪದವನ್ನು ವಾಪಸ್ ತೆಗೆದುಕೊಳ್ಳಿ ಎಂದಿದ್ದೀರಿ. ಅದು ನನ್ನಿಂದ ಆಗದು. ಆದರೆ ಉತ್ತರ ಕೊರಿಯಾ ವಿಷಯವನ್ನು ನಮ್ಮ ಲೇಖನ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿತ್ತು. ಅದು ನಮ್ಮ ತಪ್ಪು. ಮುಂದಿನ ಸಂಚಿಕೆಯಲ್ಲಿ ಅದನ್ನು ಸರಿಪಡಿಸುತ್ತೇವೆ. ಅದೇ ಪುಟದಲ್ಲಿ ನಿಮ್ಮ ಪತ್ರವನ್ನೂ ಹಾಕುತ್ತೇವೆ. ನಾಲ್ಕೂ ಪುಟ, ಒಂದು ಪ್ಯಾರಾನೂ ಕತ್ತರಿಸದೆ.

– ಸಂಪಾದಕ