ಅರಬ್ಬರು ದಂಡೆತ್ತಿ ಹೋದದ್ದು ಧರ್ಮಕ್ಕಾ, ಲೂಟಿಗಾ?

ಪ್ರಶ್ನೆ: ಪ್ರವಾದಿ ಮುಹಮ್ಮದರು ತೀರಿಕೊಂಡು ಹತ್ತೇ ವರ್ಷದಲ್ಲಿ ಅರಬ್ಬರು ಸಿರಿಯಾ, ಇರಾಕ್, ಈಜಿಪ್ಟ್ ಗೆದ್ದರು. ಕೆಲವರು ಮತ ಹರಡೋಕೆ ಅಂತಾರೆ, ಕೆಲವರು ಬರೀ ಲೂಟಿಗೆ ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಇತ್ತು. ಆದರೆ ಇವೆರಡರ ಜಗಳದಲ್ಲಿ ಮೂರನೇ ಕಾರಣ ಮರೆತೇ ಹೋಗುತ್ತದೆ. ನನ್ನ ಮಟ್ಟಿಗೆ ಅದೇ ದೊಡ್ಡದು.

632ರಲ್ಲಿ ಪ್ರವಾದಿ ತೀರಿಕೊಂಡಾಗ ಎಷ್ಟೋ ಬುಡಕಟ್ಟುಗಳು ಮುಸ್ಲಿಂ ರಾಜ್ಯದ ಕೇಂದ್ರವಾದ ಮದೀನಾಕ್ಕೆ ಝಕಾತ್ (ಮುಸ್ಲಿಮರ ಕಡ್ಡಾಯ ದಾನ) ಕೊಡಲ್ಲ ಅಂತ ತಿರುಗಿಬಿದ್ದವು. ಪ್ರವಾದಿಯ ನಂತರ ಮುಂದಾಳಾದ ಮೊದಲ ಖಲೀಫ ಅಬೂಬಕರ್ ಯುದ್ಧ ಮಾಡಿ ಅವರನ್ನು ಬಗ್ಗಿಸಿದರು. ಸರಿ, ಮುಂದೇನು? ಪಕ್ಕದ ಬುಡಕಟ್ಟಿನ ಮೇಲೆ ಬಿದ್ದು ಒಂಟೆ ಹೊಡೆದುಕೊಂಡು ಬರುವುದು ಅಲ್ಲಿ ತಲೆತಲಾಂತರದ ರೂಢಿ. ಈಗ ಎಲ್ಲರೂ ಮುಸ್ಲಿಮರು, ಒಬ್ಬರ ಮೇಲೊಬ್ಬರು ಬೀಳುವಂತಿಲ್ಲ. ಆ ಕಸುವನ್ನು ಹೊರಗೆ ತಿರುಗಿಸದಿದ್ದರೆ ಹೊಸ ರಾಜ್ಯ ಒಳಗೇ ಒಡೆಯುತ್ತಿತ್ತು. ಇದೇ ಆ ಮೂರನೇ ಕಾರಣ.

ಹಾಗಂತ ನಂಬಿಕೆ ಸುಮ್ನೆ ನೆಪ ಅಲ್ಲ. ಗೆದ್ದರೆ ಲೂಟಿಯ ಐದರಲ್ಲಿ ನಾಲ್ಕು ಪಾಲು ಹೋರಾಡಿದವರಿಗೆ, ಸತ್ತರೆ ಸ್ವರ್ಗ. ಹೋರಾಡಿದ ಸೈನಿಕನ ಕಣ್ಣಲ್ಲಿ ತನಗೆ ಸಿಕ್ಕ ಪಾಲೂ ದೇವರು ಕೊಟ್ಟದ್ದೇ. ಧರ್ಮ ಬೇರೆ, ಲಾಭ ಬೇರೆ ಅಂತ ಗೆರೆ ಎಳೆಯುವವರು ನಾವು, ಅವನಲ್ಲ.

ಯಾಕೆ ಗೆದ್ದರು ಅನ್ನುವುದು ಬೇರೆ ಪ್ರಶ್ನೆ. ಸಿರಿಯಾ, ಈಜಿಪ್ಟ್ ಆಳುತ್ತಿದ್ದ ಬೈಜಾಂಟಿಯನ್ನರೂ (ಪೂರ್ವ ರೋಮನ್ ಸಾಮ್ರಾಜ್ಯ) ಇರಾಕ್ ಆಳುತ್ತಿದ್ದ ಪರ್ಷಿಯಾದ ಸಸಾನಿಯನ್ನರೂ 602ರಿಂದ 628ರವರೆಗೆ ಹೊಡೆದಾಡಿ ಸುಸ್ತಾಗಿದ್ದರು. 636ರಲ್ಲಿ ಯರ್ಮೂಕ್ ಕಾಳಗದಲ್ಲಿ ಅರಬ್ಬರಿಗೆ ಸೋತ ನಂತರ ಸಿರಿಯಾ ಬೈಜಾಂಟಿಯನ್ನರ ಕೈಬಿಟ್ಟಿತು.

ಕತ್ತಿ ತೋರಿಸಿ ಮತಾಂತರ ಮಾಡಿದರು ಅನ್ನುವ ಚಿತ್ರ ಮಾತ್ರ ಈ ಕಾಲಕ್ಕೆ ಹೊಂದುವುದಿಲ್ಲ. ಎರಡನೇ ಖಲೀಫ ಉಮರ್ ಸೈನಿಕರ ಹೆಸರನ್ನು ದಿವಾನ್ ಎಂಬ ಪಟ್ಟಿಗೆ ಸೇರಿಸಿ ಸಂಬಳ ಗೊತ್ತುಮಾಡಿದರು. ದಂಡನ್ನು ಇರಾಕಿನ ಕೂಫಾ, ಬಸ್ರಾ, ಈಜಿಪ್ಟಿನ ಫುಸ್ತಾತ್‌ನಂಥ ಹೊಸ ಊರುಗಳಲ್ಲಿ ಬೇರೆಯಾಗಿ ಇರಿಸಿದರು. ಆ ಸಂಬಳ ಬರುತ್ತಿದ್ದದ್ದು ಗೆದ್ದ ನಾಡಿನ ಕಂದಾಯದಿಂದ ಮತ್ತು ಮುಸ್ಲಿಮೇತರರು ಕೊಡುತ್ತಿದ್ದ ಜಿಜಿಯಾ ಎಂಬ ತಲೆಗಂದಾಯದಿಂದ. ಎಲ್ಲರೂ ಮತ ಬದಲಿಸಿದ್ದರೆ ಆ ಜಿಜಿಯಾ ಎಲ್ಲಿಂದ ಬರಬೇಕು, ಅಲ್ವಾ? ಈಜಿಪ್ಟಿನಲ್ಲಿ ಶತಮಾನಗಳವರೆಗೆ ಕ್ರೈಸ್ತರೇ ಜಾಸ್ತಿ ಇದ್ದರು.

ಇದಕ್ಕೆ ಒಂದು ಪುಟ್ಟ ಸಾಕ್ಷಿ ವಿಯೆನ್ನಾದಲ್ಲಿದೆ. 643ರ ಏಪ್ರಿಲ್‌ನಲ್ಲಿ ಈಜಿಪ್ಟಿನಲ್ಲಿ ಬರೆದ ಪಪೈರಸ್ ರಸೀದಿ, ಗ್ರೀಕ್ ಮತ್ತು ಅರಬ್ಬಿ ಎರಡರಲ್ಲೂ ಇದೆ. ಅಬ್ದುಲ್ಲಾ ಎಂಬ ದಂಡನಾಯಕ ತನ್ನ ದಂಡಿಗೆ 65 ಕುರಿ ಪಡೆದದ್ದಕ್ಕೆ ಕೊಟ್ಟದ್ದು. ಕುರಿಗಳನ್ನು ತೆರಿಗೆಯ ಲೆಕ್ಕಕ್ಕೆ ಹಿಡಿದಿದ್ದಾರೆ. ಅವನ್ನು ಒಪ್ಪಿಸಿದ ಊರಿನ ಅಧಿಕಾರಿಗಳ ಹೆಸರು ಕ್ರಿಸ್ಟೋಫರೋಸ್, ಥಿಯೊಡೊರಾಕಿಯೋಸ್. ಎರಡೂ ಕ್ರೈಸ್ತ ಹೆಸರುಗಳು.