ಏಳನೇ ಕ್ಲಾಸಿನ ಮಕ್ಕಳಿಗೆ ಅಘನಾಶಿನಿ ಅಳಿವೆಯ ಪರಿಸರ, ಇತಿಹಾಸ ಎರಡನ್ನೂ ಒಂದೇ ದಿನದಲ್ಲಿ ಕಲಿಸುವುದು ಹೇಗೆ?

ಬೆಳಿಗ್ಗೆ ಪರಿಸರ, ಊಟ ಆದಮೇಲೆ ಇತಿಹಾಸ, ಮೂರು ಗಂಟೆಗೆ ವಾಪಸ್ ಬಸ್ಸು. ಪ್ರಶ್ನೆಯ ಜೊತೆ ನೀವು ಕಳಿಸಿದ ಈ ವೇಳಾಪಟ್ಟಿ ಓದುತ್ತಿದ್ದರೆ ನನ್ನದೇ ಹಳೇ ಡೈರಿ ಯಾರೋ ತೆರೆದಿಟ್ಟ ಹಾಗಾಯಿತು.

ನಮ್ಮದು ಘಟ್ಟದ ಮೇಲಿನ ಶಾಲೆ. 42 ಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಂಡು, ಅಘನಾಶಿನಿ ಹೊಳೆ ಸಮುದ್ರ ಸೇರುವ ಕುಮಟಾ ತಾಲೂಕಿಗೆ ಇಳಿದಿದ್ದೆ. ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಕೊಟ್ಟಿದ್ದೆ: ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು, ಏಡಿಯ ಬಿಲ, ಬೆಳಚು, ಕಲ್ಗ ಎಂಬ ಚಿಪ್ಪುಜೀವಿಗಳು, ಹೀಗೆ ನೋಡಿ ಗುರುತು ಹಾಕಬೇಕಾದ 14 ಸಂಗತಿಗಳು. ಹನ್ನೊಂದೂವರೆಗೆ ದಡ ಮುಟ್ಟಿದೆವು. ಎದುರಿಗೆ ಬರೀ ನೀರು. ಕಾಂಡ್ಲಾ ಗಿಡಗಳು ಸೊಂಟದವರೆಗೆ ಮುಳುಗಿ ನಿಂತಿದ್ದವು. ಬೇರೂ ಇಲ್ಲ, ಬಿಲವೂ ಇಲ್ಲ. ಹಾಳೆಯ 14 ಸಾಲುಗಳಲ್ಲಿ ಮಕ್ಕಳಿಗೆ ಸಿಕ್ಕಿದ್ದು ಎರಡು, ಅದರಲ್ಲೊಂದು ‘ದೋಣಿ’.

ಬುಟ್ಟಿ ಪಕ್ಕದಲ್ಲಿಟ್ಟು ಕೂತಿದ್ದ ಒಬ್ಬರು ಅಜ್ಜಿ ನಮ್ಮನ್ನೇ ನೋಡುತ್ತಿದ್ದರು. “ಅಮಾಸೆ ದಿನ ಈ ಹೊತ್ತಿಗೆ ಬಂದ್ರೆ ಎಂತ ಕಾಣ್ತದೆ ಮಾಸ್ತರ್ರೇ?” ಅಂದರು. ಅಷ್ಟರಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು, “ಸರ್, ಅಮಾವಾಸ್ಯೆಗೆ ಉಬ್ಬರ ಜಾಸ್ತಿ ಅಂತ ಹೋದ ವಾರ ನೀವೇ ಹೇಳಿದ್ರಲ್ಲ?”

ಹೇಳಿದ್ದೆ. ಸೂರ್ಯ, ಚಂದ್ರ, ಭೂಮಿ ಮೂರನ್ನೂ ಬೋರ್ಡಿನ ಮೇಲೆ ಒಂದೇ ಸಾಲಿನಲ್ಲಿ ಬರೆದೇ ಹೇಳಿದ್ದೆ. ಅಂದು ಅಮಾವಾಸ್ಯೆ ಅನ್ನುವುದೂ ಗೊತ್ತಿತ್ತು, ಡ್ರೈವರ್ ಚಕ್ರದಡಿ ನಿಂಬೆಹಣ್ಣು ಇಟ್ಟೇ ಗಾಡಿ ತೆಗೆದಿದ್ದ! ಆದರೆ ದಿನ ಗೊತ್ತುಮಾಡುವಾಗ ನಾನು ನೋಡಿದ್ದು ಶಾಲೆಯ ಕ್ಯಾಲೆಂಡರ್: ಪರೀಕ್ಷೆ ಮುಗಿದಿದೆ, ಶನಿವಾರ, ಬಸ್ಸು ಖಾಲಿ ಇದೆ. ಪಂಚಾಂಗ ನೋಡಬೇಕಿತ್ತು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನಿಮ್ಮ ಇಡೀ ದಿನ ನಿಂತಿರುವುದೇ ಇದರ ಮೇಲೆ. ಆ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಉಬ್ಬರ ತುಂಬುವುದು ನಡುಹಗಲಿನ ಹತ್ತಿರ. ನೀರು ಪೂರ್ತಿ ಇಳಿಯಲು ಮತ್ತೆ ಆರು ಗಂಟೆ ಬೇಕು, ಅಂದರೆ ಸಂಜೆ ಐದು ದಾಟುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಬಸ್ಸು ಘಟ್ಟ ಹತ್ತುತ್ತಿರುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಪಂಚಮಿಯ ಹೊತ್ತಿಗೆ ನಾಲ್ಕು ಗಂಟೆಯಷ್ಟು ತಡವಾಗಿ, ನಸುಕಿನ ಐದರ ಸುಮಾರಿಗಿದ್ದ ಇಳಿತ ಒಂಬತ್ತರ ಆಸುಪಾಸಿಗೆ ಬಂದಿರುತ್ತದೆ. ಏಕಾದಶಿಯ ಸುಮಾರಿಗೆ ಮಧ್ಯಾಹ್ನ ಎರಡರ ಹತ್ತಿರ. ಅರ್ಧ-ಮುಕ್ಕಾಲು ಗಂಟೆ ಹಿಂದೆಮುಂದೆ ಆದೀತು. ಹಿಂದಿನ ದಿನ ಅಲ್ಲಿನ ದೋಣಿಯವರಿಗೊಂದು ಫೋನ್ ಮಾಡಿ, ನಿಮಿಷ ಸಮೇತ ಹೇಳುತ್ತಾರೆ. ನಾನು ಆ ಒಂದು ಫೋನ್ ಮಾಡಲಿಲ್ಲ. ಮಕ್ಕಳೆಲ್ಲ ಪ್ರಬಂಧದಲ್ಲಿ ‘ಅಳಿವೆಯಲ್ಲಿ ತುಂಬಾ ನೀರಿತ್ತು, ಕೋಟೆ ಚೆನ್ನಾಗಿತ್ತು’ ಎಂದು ಬರೆದರು. ಮುಂದಿನ ಎರಡು ವರ್ಷ ನನಗೆ ಪ್ರವಾಸಕ್ಕೆ ಅನುಮತಿಯೇ ಸಿಗಲಿಲ್ಲ.

ಎರಡನೇ ಸಲ ಹೋದದ್ದು ಪಂಚಮಿಯಂದು. ಹಿಂದಿನ ರಾತ್ರಿಯೇ ಇಳಿದು ಅಲ್ಲೇ ಉಳಿದುಕೊಂಡೆವು. 18 ಮಕ್ಕಳು, ಹಾಳೆಗೀಳೆ ಏನೂ ಇಲ್ಲ. ಕೆಸರಿಗೆ ಒಂದು ಕೋಲು ಚುಚ್ಚಿ ಎಳೆಯಿರಿ ಅಂದೆ. ಒಳಗಿನ ಮಣ್ಣು ಕಪ್ಪಗೆ, ಕೊಳೆತ ಮೊಟ್ಟೆಯ ನಾತ. ಎಲ್ಲರೂ ಮೂಗು ಮುಚ್ಚಿಕೊಂಡರು. ಯಾಕೆ ನಾರುತ್ತದೆ ಅಂತ ಕೇಳಿದೆ. ಅಲ್ಲಿ ಗಾಳಿಯಿಲ್ಲ, ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಬಿಡುವ ಅನಿಲ ಅದು. ಹಾಗಾದರೆ ಗಿಡ ಉಸಿರಾಡುವುದು ಹೇಗೆ? ಒಬ್ಬ ಹುಡುಗ ತನ್ನ ಕಾಲ ಸುತ್ತ ಪೆನ್ಸಿಲ್ ನೆಟ್ಟ ಹಾಗೆ ಎದ್ದು ನಿಂತಿದ್ದ ಬೇರುಗಳನ್ನು ನೋಡಿದ. ನಾನು ಬಾಯಿ ಬಿಡುವ ಮೊದಲೇ “ಓ, ಇದು ಮೂಗಾ ಸರ್?” ಅಂದ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಪರಿಸರಕ್ಕೆಷ್ಟು ಹೊತ್ತು, ಇತಿಹಾಸಕ್ಕೆಷ್ಟು ಹೊತ್ತು. ಆ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರಾಗಬೇಡಿ. ಮಾಣಿಕಟ್ಟಾ ಕಡೆಯ ಗಜನಿ ಗದ್ದೆಯ (ಅಳಿವೆಯಂಚಿನ, ಉಪ್ಪುನೀರು ಬರುವ ತಗ್ಗು ಗದ್ದೆ) ಒಡ್ಡಿನ ಮೇಲೆ ಮಕ್ಕಳನ್ನು ನಿಲ್ಲಿಸಿ. ಮಳೆ ನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಭತ್ತ, ಮಳೆಗಾಲ ಮುಗಿದು ಉಪ್ಪುನೀರು ಬಂದಾಗ ಸಿಗಡಿ, ಮೀನು. ಕಗ್ಗ ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ. ಒಡ್ಡಿನ ಬಾಗಿಲು ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಅನ್ನುವುದು ಊರವರಿಗೆ ತಲೆಮಾರುಗಳಿಂದ ಬಂದ ಲೆಕ್ಕ. ಇದನ್ನು ವಿಜ್ಞಾನದ ಪೀರಿಯಡ್‌ಗೆ ಹಾಕುತ್ತೀರೋ, ಸಮಾಜದ್ದಕ್ಕೋ?

ಮಿರ್ಜಾನ್ ಕೋಟೆಯೂ ಅಷ್ಟೇ. ಮೊದಲ ಸಲ ನಾನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ, ಅವಳ 54 ವರ್ಷದ ಆಳ್ವಿಕೆ, ಪೋರ್ಚುಗೀಸರು ಕೊಟ್ಟ ‘ಕಾಳುಮೆಣಸಿನ ರಾಣಿ’ ಎಂಬ ಹೆಸರು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ್ದೆ. ಮಕ್ಕಳು ಕೆಂಪು ಕಲ್ಲಿನ ಗೋಡೆ ಹತ್ತಿ ಫೋಟೊ ತೆಗೆಸಿಕೊಂಡರು. ಎರಡನೇ ಸಲ ಒಂದೇ ಪ್ರಶ್ನೆ ಕೇಳಿದೆ: ಸಮುದ್ರದ ದಡ ಬಿಟ್ಟು ಇಷ್ಟು ಒಳಗೆ ಯಾಕೆ ಕೋಟೆ ಕಟ್ಟಿದರು? ಬೆಳಿಗ್ಗೆ ಇಳಿತ ನೋಡಿದ್ದ ಮಕ್ಕಳಿಗೆ ಉತ್ತರ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಉಬ್ಬರದ ಜೊತೆ ದೋಣಿ ಒಳಗೆ ಬರುತ್ತದೆ, ಘಟ್ಟದಿಂದ ಇಳಿದ ಮೆಣಸು ತುಂಬಿಕೊಂಡು ಇಳಿತದ ಜೊತೆ ಹೊರಡುತ್ತದೆ.

2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ) ಬಂತು, 4,801 ಹೆಕ್ಟೇರ್. ಅದನ್ನು ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿ, ಸಾಕು. ಸಂಪನ್ಮೂಲ ವ್ಯಕ್ತಿ, ಪಿಪಿಟಿ ಅಂತೆಲ್ಲ ಕೇಳಿದ್ದೀರಿ. ಬೇಡ. ಬೆಳಚು ಆರಿಸುವ ಹೆಂಗಸರು ಒಬ್ಬರು ಅರ್ಧ ಗಂಟೆ ಮಾತಾಡಲು ಒಪ್ಪಿದರೆ ಅದೇ ದೊಡ್ಡದು. ಅವರ ಅರ್ಧ ದಿನದ ಕೂಲಿ ಶಾಲೆಯಿಂದ ಕೊಡಿಸಿ, ಮುಜುಗರಪಡಬೇಡಿ. ಕಪ್ಪು ಬೆಳಚು ಉಪ್ಪು ಕಡಿಮೆಯಿರುವ ಮೇಲ್ಭಾಗದಲ್ಲೇ ಯಾಕೆ ಸಿಗುತ್ತದೆ ಅಂತ ಕೇಳಲು ಮಕ್ಕಳಿಗೆ ಹೇಳಿಕೊಡಿ, ಮಿಕ್ಕಿದ್ದು ಅವರೇ ನೋಡಿಕೊಳ್ಳುತ್ತಾರೆ.

ಮತ್ತೆ, ಬರಿಗಾಲಲ್ಲಿ ಇಳಿಸಬೇಡಿ. ಕಲ್ಗದ ಚಿಪ್ಪು ಬ್ಲೇಡಿನ ಹಾಗೆ ಕುಯ್ಯುತ್ತದೆ. ಹವಾಯಿ ಚಪ್ಪಲಿ ಕೆಸರಲ್ಲೇ ಉಳಿದುಬಿಡುತ್ತದೆ, ಹಿಂದೆ ಪಟ್ಟಿ ಇರುವ ಹಳೇ ಸ್ಯಾಂಡಲ್ ತರಲು ಹೇಳಿ.